ಲಾಗ್ ಪುರಾಣ, ಭಾಗ 4: ರೀಸ್ಟಾರ್ಟ್‌ಗೆ ಮೊದಲು ಹತ್ತು ನಿಮಿಷ

ಫೋಟೋದಲ್ಲಿರೋದು ನನ್ನ ಮೊದಲ ಕೆಲಸದ ನೋಟ್‌ಬುಕ್. ಮೇಲ್ಗಡೆ ಕೆಂಪು ಪೆನ್ನಲ್ಲಿ ಬರೆದಿರೋ ಸಾಲು ನೋಡಿ: "ಮೊದಲು ಡಂಪ್, ಆಮೇಲೆ ರೀಸ್ಟಾರ್ಟ್." ಇದನ್ನ ಕಲಿಯೋ ಹೊತ್ತಿಗೆ ನಾನು ಏನೂ ತಪ್ಪು ಮಾಡದ ಒಬ್ಬರ ತಲೆಗೆ ಅಪವಾದ ಕಟ್ಟಿಬಿಟ್ಟಿದ್ದೆ. ಇವತ್ತು ಆ ಕಥೆ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ನೈಟ್ ಶಿಫ್ಟ್. ನಮ್ಮ ಅಪ್ಲಿಕೇಶನ್ ಓಡ್ತಿದ್ದದ್ದು ವೆಬ್‌ಸ್ಪಿಯರ್ ಅಪ್ಲಿಕೇಶನ್ ಸರ್ವರ್ ಮೇಲೆ. ಗ್ರಾಹಕರ ವಿವರ ಬೇಕಾದಾಗಲೆಲ್ಲ ಅದು ಹೊರಗಿನ ಒಂದು ವೆಬ್ ಸರ್ವಿಸ್‌ನ ಕೇಳ್ಬೇಕು. ಸೋಪ್ ರಿಕ್ವೆಸ್ಟ್ ಹೋಗುತ್ತೆ, ಉತ್ತರ ಬರುತ್ತೆ, ಅಷ್ಟೇ. ಆ ರಾತ್ರಿ ಹತ್ತೂವರೆಗೆ ಎಲ್ಲಾ ನಿಂತುಹೋಯ್ತು. ಪೇಜ್ ಲೋಡ್ ಆಗ್ತಾನೇ ಇದೆ, ಫೋನ್ ಮೇಲೆ ಫೋನ್. ಗಾಬರೀಲಿ ಸರ್ವರ್ ರೀಸ್ಟಾರ್ಟ್ ಮಾಡ್ದೆ. ಎಲ್ಲಾ ಸರಿಹೋಯ್ತು. ಭಾರಿ ಸಾಧನೆ ಮಾಡ್ದೆ ಅಂದ್ಕೊಂಡು ಚಹಾ ಕುಡಿಯೋಕೆ ಹೋದೆ.

ಬೆಳಗ್ಗೆ ಮೀಟಿಂಗಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಏನಾಗಿತ್ತು?" ನನ್ನ ಹತ್ರ ಉತ್ತರ ಇರ್ಲಿಲ್ಲ. ಹಿಂದಿನ ದಿನ ಸಂಜೆ ನೆಟ್‌ವರ್ಕ್ ಟೀಮಿನ ಒಬ್ಬರು ಫೈರ್‌ವಾಲ್‌ನಲ್ಲಿ ಏನೋ ಬದಲಾಯಿಸಿದ್ದರು ಅಂತ ಗೊತ್ತಿತ್ತು. "ಬಹುಶಃ ನೆಟ್‌ವರ್ಕ್ ಇರ್ಬೇಕು" ಅಂದೆ. ಮೀಟಿಂಗ್ ವರದೀಲಿ ಆ 'ಬಹುಶಃ' ಮಾಯ ಆಗಿತ್ತು. ಅವರಿಗೆ ವಾರ್ನಿಂಗ್ ಮೇಲ್ ಹೋಯ್ತು. ಅವರು ತಮ್ಮ ಬದಲಾವಣೇನ ವಾಪಸ್ ತೆಗೆದರು.

ನಾಲ್ಕು ದಿನ ಆದ್ಮೇಲೆ ಅದೇ ಹೊತ್ತಿಗೆ, ಅದೇ ಕಾಟ. ನನ್ನ ಕೈ ಮತ್ತೆ ರೀಸ್ಟಾರ್ಟ್ ಕಡೆಗೇ ಹೋಯ್ತು. ಅವತ್ತು ಶಿಫ್ಟಲ್ಲಿದ್ದ ಸೀನಿಯರ್ ಅಕ್ಕ ತಡೆದ್ರು. "ಕೈ ತೆಗಿ. ಈಗ ರೀಸ್ಟಾರ್ಟ್ ಮಾಡಿದ್ರೆ ಸಾಕ್ಷಿನೆಲ್ಲಾ ನೀನೇ ಒರೆಸಿಹಾಕ್ದಂಗೆ. ಹತ್ತು ನಿಮಿಷ ಕೊಡು."

ಆ ಹತ್ತು ನಿಮಿಷದಲ್ಲಿ ಅವರು ಮಾಡಿಸಿದ್ದು ಇಷ್ಟು. ಸೇವ್ ಮಾಡ್ಕೊಳ್ಳಿ.

1. ಸಮಯ ಬರೆದುಕೋ. ಯಾವಾಗ ಶುರುವಾಯ್ತು, ಯಾವ ಸರ್ವಿಸ್, ಎಲ್ಲರಿಗೂ ಆಗ್ತಿದ್ಯಾ ಕೆಲವರಿಗಾ.

2. ಥ್ರೆಡ್ ಡಂಪ್ ತಗೋ. ಲಿನಕ್ಸ್‌ನಲ್ಲಿ 'ಕಿಲ್ ಮೈನಸ್ 3', ಆಮೇಲೆ ಜಾವಾ ಪ್ರೋಸೆಸ್ ನಂಬರ್. ಹೆಸರು ಕೇಳಿ ಹೆದರ್ಬೇಡಿ, ಇದು ಜಾವಾನ ಕೊಲ್ಲಲ್ಲ. ಆ ಕ್ಷಣದಲ್ಲಿ ಯಾವ ಥ್ರೆಡ್ ಎಲ್ಲಿ ನಿಂತಿದೆ ಅಂತ ಜಾವಾಕೋರ್ ಅನ್ನೋ ಫೈಲ್‌ಗೆ ಬರೆಯುತ್ತೆ. ಒಂದೆರಡು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ತಗೋಬೇಕು. ಒಂದು ಡಂಪ್‌ನಿಂದ ಥ್ರೆಡ್ ನಡೀತಿದ್ಯಾ ನಿಂತಿದ್ಯಾ ಗೊತ್ತಾಗಲ್ಲ. ಮೂರರಲ್ಲೂ ಒಂದೇ ಜಾಗದಲ್ಲಿದ್ರೆ ಅದು ಸಿಕ್ಕಿಹಾಕ್ಕೊಂಡಿದೆ ಅಂತ ಅನುಮಾನ ಪಡಬಹುದು.

3. ಟ್ರೇಸ್ ಆನ್ ಮಾಡು, ಆದ್ರೆ ಅಡ್ಮಿನ್ ಕನ್ಸೋಲ್‌ನ 'ರನ್‌ಟೈಮ್' ಟ್ಯಾಬಲ್ಲಿ. ಅಲ್ಲಿ ಬದಲಾಯಿಸಿದ್ರೆ ತಕ್ಷಣ ಶುರುವಾಗುತ್ತೆ. 'ಕಾನ್ಫಿಗರೇಶನ್' ಟ್ಯಾಬಲ್ಲಿ ಮಾಡಿದ್ರೆ ರೀಸ್ಟಾರ್ಟ್ ಬೇಕು. ಕೆಲಸ ಮುಗಿದ ಕೂಡ್ಲೇ ಆಫ್ ಮಾಡಿ, ಟ್ರೇಸ್ ಫೈಲ್ ಬೇಗ ತುಂಬುತ್ತೆ.

4. ಸಿಸ್ಟಮ್‌ಔಟ್, ಸಿಸ್ಟಮ್‌ಎರರ್, ಟ್ರೇಸ್ ಲಾಗ್‌ಗಳು, ಎಫ್‌ಎಫ್‌ಡಿಸಿ ಫೋಲ್ಡರ್, ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡು. ಹೊಸ ಲಾಗ್ ಬಂದಂಗೆ ಹಳೇದು ಅಳಿಸಿಹೋಗುತ್ತೆ.

ಇಷ್ಟಾದ್ಮೇಲೆ ರೀಸ್ಟಾರ್ಟ್. ಐಬಿಎಂನವರು ಹೀಗೆ ಮಾಹಿತಿ ಕೂಡಿಸೋದಕ್ಕೆ 'ಮಸ್ಟ್‌ಗ್ಯಾದರ್' ಅಂತಾನೇ ಹೆಸರಿಟ್ಟಿದ್ದಾರೆ, ಅಂದ್ರೆ ಕೂಡಿಸಲೇಬೇಕಾದದ್ದು.

ಬೆಳಗ್ಗೆ ಡಂಪ್ ತೆಗೆದು ನೋಡಿದ್ವಿ. ವೆಬ್‌ಕಂಟೇನರ್ ಥ್ರೆಡ್‌ಗಳೆಲ್ಲಾ ಸಾಕೆಟ್‌ನಿಂದ ಓದೋ ಸಾಲಲ್ಲೇ ನಿಂತಿವೆ, ಮೂರು ಡಂಪಲ್ಲೂ. ಟ್ರೇಸ್‌ನಲ್ಲಿ ಒಂದು ರಿಕ್ವೆಸ್ಟ್ ಹೊರಟ ಸಮಯ 10:42:07. ಆ ಕಡೆಯವರ ಲಾಗ್ ತರಿಸಿದ್ವಿ. ಅದೇ ಸೆಕೆಂಡಿಗೆ ಅವರಿಗೆ ತಲುಪಿದೆ. ಅವರು ಉತ್ತರ ಕೊಟ್ಟಿದ್ದು ನಾಲ್ಕು ನಿಮಿಷ ಬಿಟ್ಟು. ಅಂದ್ರೆ ದಾರಿ ಸರಿಯಾಗೇ ಇತ್ತು.

ಹಾಗಾದ್ರೆ ನಮ್ಮದೇನೂ ತಪ್ಪಿಲ್ವಾ? ಇದೆ. ಉತ್ತರಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋದನ್ನ ನಾವ್ಯಾರೂ ಹೇಳೇ ಇರ್ಲಿಲ್ಲ. ಡಿಫಾಲ್ಟ್ 300 ಸೆಕೆಂಡ್. ಥ್ರೆಡ್‌ಗಳೂ ಡಿಫಾಲ್ಟಾಗಿ ಹೆಚ್ಚಂದ್ರೆ 50. ಐವತ್ತು ಕೌಂಟರ್ ಇರೋ ಆಫೀಸಲ್ಲಿ ಐವತ್ತೂ ಜನ ಫೋನ್ ಕಿವಿಗಿಟ್ಕೊಂಡು ಆ ಕಡೆಯ ಉತ್ತರಕ್ಕೆ ಕಾಯ್ತಾ ಕೂತಿದ್ರೆ ಹೊರಗೆ ಕ್ಯೂ ಬೆಳೆಯದೇ ಇರುತ್ತಾ? ರೀಸ್ಟಾರ್ಟ್ ಮಾಡಿದ್ದು ಆ ಕ್ಯೂನ ಓಡಿಸಿದ ಹಾಗೆ, ಅಷ್ಟೇ. ಟೈಮ್‌ಔಟ್ ಇಳಿಸಿದ ಮೇಲೆ ಆ ಕಡೆ ನಿಧಾನ ಆದ್ರೂ ನಮ್ಮದು ಪೂರ್ತಿ ನಿಲ್ಲೋದು ತಪ್ಪಿತು.

ಎಲ್ಲಾ ಬರೆದು ಮೇನೇಜರ್‌ಗೆ ಕಳಿಸ್ದೆ. ವಾರ್ನಿಂಗ್ ವಾಪಸ್ ತಗೊಂಡಿದ್ದು ನಾನು ಎರಡನೇ ಸಲ ಬರೆದ ಮೇಲೆ. ಆಮೇಲೆ ಅವರ ಡೆಸ್ಕ್ ಹತ್ರ ಹೋಗಿ, "ಸಾರಿ ಸರ್, ಅವತ್ತು ನಾನೇ ನಿಮ್ಮ ಕಡೆ ಕೈ ತೋರ್ಸಿದ್ದು" ಅಂದೆ. ಅವರು ಬೈಲಿಲ್ಲ. "ಇರ್ಲಿ ಬಿಡಪ್ಪ. ಮುಂದಿನ ಸಲ ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅಂತ ಹೇಳು" ಅಂದ್ರು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ನಮ್ಮ ಬ್ಯಾಚಿನ ಎಷ್ಟೋ ಜನ ಈಗ ಸಪೋರ್ಟ್ ಕೆಲಸಕ್ಕೆ ಸೇರ್ತಿದ್ದೀರಿ. ನಿಮ್ಮಲ್ಲಿ ಟಾಮ್‌ಕ್ಯಾಟ್ ಇದ್ರೆ ಡಂಪ್‌ಗೆ 'ಜೆಸ್ಟ್ಯಾಕ್' ಬಳಸಬಹುದು. ಟ್ರೇಸ್‌ನಲ್ಲಿ ಗ್ರಾಹಕರ ಹೆಸರು, ಪಾಸ್‌ವರ್ಡ್ ಎಲ್ಲಾ ಇರಬಹುದು, ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಪುರಾವೆ ಕೂಡಿಸೋದು ಸರ್ವರ್‌ಗೋಸ್ಕರ ಅಂತ ಅಂದ್ಕೊಂಡಿದ್ದೆ. ಅದರಿಂದ ಉಳಿಯೋದು ಒಬ್ಬ ಮನುಷ್ಯನ ಹೆಸರು ಕೂಡ.

ನೀವೂ ಗಾಬರೀಲಿ ರೀಸ್ಟಾರ್ಟ್ ಒತ್ತಿದ್ದೀರಾ? ಕಾಮೆಂಟಲ್ಲಿ ಒಪ್ಕೊಳ್ಳಿ, ನಾನು ನಗಲ್ಲ. ಭಾಗ 5ರಲ್ಲಿ ಜಾವಾಕೋರ್ ಫೈಲ್ ಓದೋದು ಹೇಗೆ ಅಂತ ನೋಡೋಣ.

#ಲಾಗ್‌ಪುರಾಣ #ಕನ್ನಡದಲ್ಲಿಟೆಕ್