ಆರಂಗುಲದ ಕಣ್ಣು

ಮೊಮ್ಮಕ್ಕಳ ಚಿತ್ರ ತೆಗೆಯುವ ತಾತನಿಗೆ ಜಗತ್ತಿನ ಯಾವ ಕಾನೂನೂ ಅನ್ವಯಿಸುವುದಿಲ್ಲವೆಂಬುದು ತಾತಂದಿರ ಬಲವಾದ ನಂಬಿಕೆ. ನಾಮಕರಣದ ದಿನ ಪುರೋಹಿತರನ್ನು ಪಕ್ಕಕ್ಕೆ ಸರಿಸಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳಿಗೇ ಬೆನ್ನು ತೋರಿಸಿ ನಿಂತು ಚಿತ್ರ ತೆಗೆದ ತಾತನನ್ನು ನಮ್ಮಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಮೈಸೂರಿನ ರಾಯರೊಬ್ಬರು ಈ ನಂಬಿಕೆಯಲ್ಲಿಯೇ ನೆಮ್ಮದಿಯಾಗಿದ್ದರು. ಅದು ಮುರಿದುಬಿದ್ದದ್ದು ಅಮೆರಿಕದ ಒಂದು ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಬಾಗಿಲಲ್ಲಿ.

ರಾಯರ ಮೊಮ್ಮಗಳು ಆಟಗಾರ್ತಿಯಲ್ಲ. ಕಾಲೇಜಿನ ವಾದ್ಯವೃಂದದಲ್ಲಿ ಕ್ಲಾರಿನೆಟ್ ನುಡಿಸುವವಳು. ಆ ದೇಶದ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಅದರ ನಡುವೆ 20 ನಿಮಿಷಗಳ ವಿರಾಮ. ಆಗ ವಾದ್ಯವೃಂದದವರು ಮೈದಾನಕ್ಕಿಳಿದು, ನುಡಿಸುತ್ತ ನಡೆಯುತ್ತಲೇ ಅಕ್ಷರಗಳನ್ನೂ ಆಕೃತಿಗಳನ್ನೂ ರಚಿಸುತ್ತಾರೆ. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಾದ್ಯವೃಂದ ತನ್ನ ಹೆಸರಿನ ಮೊದಲಕ್ಷರವನ್ನು ಮೈದಾನದಲ್ಲಿ ಮೂಡಿಸಿತು. 1936ರಲ್ಲಿ ಓಹಾಯೋ ಸ್ಟೇಟಿನವರು ತಮ್ಮ ರಾಜ್ಯದ ಹೆಸರನ್ನೇ ಕೂಡಕ್ಷರದಲ್ಲಿ ಬರೆದರು. ಇಂದು ಅದಿಲ್ಲದೆ ಅಲ್ಲಿ ಆಟಕ್ಕೆ ಕಳೆಯೇ ಇಲ್ಲ.

ಆದರೆ ಮನೆಯಲ್ಲಿ ಕುಳಿತು ಟೆಲಿವಿಷನ್ ನೋಡುವವರಿಗೆ ಈ ಭಾಗ್ಯವಿರುವುದು ಅಪರೂಪ. ವಿರಾಮವಾಯಿತೆಂದರೆ ಅಲ್ಲಿ ಜಾಹೀರಾತು, ಅದು ಮುಗಿದರೆ ಪಂಡಿತರ ವಿಮರ್ಶೆ. ಮೊಮ್ಮಗಳು ಕಳುಹಿಸಿದ್ದ ಚಲನಚಿತ್ರವನ್ನು ರಾಯರ ಪತ್ನಿ ಹತ್ತು ಸಲ ನೋಡಿದ್ದರು. ಒಂದೇ ಬಗೆಯ ಉಡುಪು, ಒಂದೇ ಬಗೆಯ ಟೋಪಿ ತೊಟ್ಟ ಮುನ್ನೂರು ಮಂದಿಯಲ್ಲಿ ತಮ್ಮವಳು ಯಾರೆಂಬುದು ತಿಳಿದಿರಲಿಲ್ಲ. ಮಂಡಿನೋವಿನಿಂದ ವಿಮಾನಯಾನ ಅವರಿಗೆ ಅಸಾಧ್ಯ. ಮೊಮ್ಮಗಳಿಗೋ ಅದೇ ಕೊನೆಯ ವರ್ಷ. ಹೊರಡುವ ದಿನ ಅವರು ಹೇಳಿದ್ದು ಒಂದೇ ಮಾತು: “ನೋಡೀಂದ್ರೆ, ನನಗೆ ಅಲ್ಲಿಂದ ಏನೂ ತರಬೇಡಿ. ಅವಳು ಊದುತ್ತ ನಿಂತಿರುವ ಒಂದು ಚಿತ್ರ ತನ್ನಿ, ಸಾಕು.”

ಆ ಮಾತಿಗಾಗಿ ರಾಯರು ದೂರದ ವಸ್ತುವನ್ನು ಹತ್ತಿರಕ್ಕೆಳೆಯುವ, 300 ಮಿಲಿಮೀಟರ್ ನಾಭಿದೂರದ ಮಸೂರವನ್ನು ಕೊಂಡರು. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅದನ್ನು ಪರೀಕ್ಷಿಸಿಯೂ ನೋಡಿದರು.

ಕ್ರೀಡಾಂಗಣದ ಬಾಗಿಲಲ್ಲಿ ನಿಂತಿದ್ದ ವೃದ್ಧರು ಬಹಳ ವಿನಯವಂತರು. ಕ್ಯಾಮರಾದ ಚೀಲ ಪಾರದರ್ಶಕವಲ್ಲವೆಂದು ಮೊದಲು ಅದನ್ನು ಬೇಡವೆಂದರು. ಆಮೇಲೆ ಅಳತೆಯ ಕಡ್ಡಿ ಹಿಡಿದು ಮಸೂರವನ್ನು ಅಳೆದರು. ಆರು ಅಂಗುಲ ಮೀರಬಾರದೆಂಬುದು ಅಲ್ಲಿಯ ನಿಯಮ. ಮಸೂರ ಐದೂವರೆ ಅಂಗುಲವಿತ್ತು. ರಾಯರು ಗೆದ್ದೆನೆಂದುಕೊಂಡರು. ಅಷ್ಟರಲ್ಲಿ ಆ ಪುಣ್ಯಾತ್ಮರು ಅದರ ಬಳೆಯನ್ನು ತಿರುಗಿಸಿದರು. ಮಸೂರ ತ್ರಿವಿಕ್ರಮನಂತೆ ಬೆಳೆದು ಎಂಟು ಅಂಗುಲವಾಯಿತು!

“ಮೊಮ್ಮಗಳ ಚಿತ್ರ” ಎಂದರು ರಾಯರು. ವೃದ್ಧರು ಮರುಕದಿಂದ ತಲೆಯಾಡಿಸಿದರೇ ಹೊರತು ಕಡ್ಡಿಯನ್ನು ಕೆಳಗಿಡಲಿಲ್ಲ. “ಬಿಡಿ ಮಾವ, ಕಾರಿನಲ್ಲಿಟ್ಟು ಬರುತ್ತೇನೆ” ಎಂದು ಅಳಿಯ ಅದನ್ನು ಹಿಡಿದುಕೊಂಡು ಒಂದು ಮೈಲಿ ಓಡಿದ. ರಾಯರ ಬಳಿ ಉಳಿದದ್ದು ಕೋಟಿನ ಜೇಬಿನಲ್ಲಿದ್ದ 50 ಮಿಲಿಮೀಟರಿನ ಗಿಡ್ಡ ಮಸೂರ. ಬೇಸರ ಕೋಪಕ್ಕೆ ತಿರುಗಿದ್ದು ಪಕ್ಕದಲ್ಲಿ ಕುಳಿತಿದ್ದ ತರುಣ ತನ್ನ ಟೆಲಿಫೋನನ್ನು ಎತ್ತಿ, ಮೈದಾನದ ಆಚೆಯಂಚಿನ ಆಟಗಾರನ ಮುಖವನ್ನು ಹತ್ತಿರಕ್ಕೆಳೆದು ಚಲನಚಿತ್ರ ತೆಗೆಯತೊಡಗಿದಾಗ. ಅವನ ಮಸೂರಕ್ಕೆ ಅರ್ಧ ಅಂಗುಲ ಉದ್ದವೂ ಇರಲಿಲ್ಲ.

ಈ ನಿಯಮಗಳು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ಬಗೆ. ಕೆಲವೆಡೆ ನಾಲ್ಕಂಗುಲ, ಕೆಲವೆಡೆ ಆರಂಗುಲ. ಕೆಲವೆಡೆ ಬಿಚ್ಚಿ ಜೋಡಿಸುವ ಮಸೂರವೇ ಕೂಡದು. ಮುಕ್ಕಾಲಿ, ಒಂಟಿಕಾಲಿನ ಊರೆಗೋಲುಗಳಿಗೆ ಸಾಮಾನ್ಯವಾಗಿ ಎಲ್ಲಿಯೂ ಪ್ರವೇಶವಿಲ್ಲ. ಚೀಲದ ನಿರ್ಬಂಧ ಈಚಿನದು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬುಗಳು ಸಿಡಿದವು. ಅದೇ ವರ್ಷ ವೃತ್ತಿಪರ ಫುಟ್‌ಬಾಲ್ ಸಂಘದವರು ಪಾರದರ್ಶಕ ಚೀಲದ ಕಟ್ಟಳೆ ಮಾಡಿದರು. ಬಳಿಕ ಅನೇಕ ಕಾಲೇಜುಗಳೂ ಅದನ್ನು ಅನುಸರಿಸಿದವು.

ಮಸೂರದ ಉದ್ದಕ್ಕೆ ಕಾರಣ ಬೇರೆ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲಿನ ಟೆಲಿವಿಷನ್ ಪ್ರಸಾರವೆಲ್ಲ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆಯ ಹಿಡಿತದಲ್ಲಿತ್ತು. ಆ ಏಕಸ್ವಾಮ್ಯ ನ್ಯಾಯಸಮ್ಮತವಲ್ಲವೆಂದು ತೀರ್ಮಾನವಾದ ಮೇಲೆ ಕಾಲೇಜುಗಳೂ ಅವುಗಳ ಒಕ್ಕೂಟಗಳೂ ತಾವೇ ಮಾರಾಟಕ್ಕಿಳಿದವು. ಆಟದ ಚಿತ್ರ ದೊಡ್ಡ ಸರಕಾಯಿತು. ಸರಕಿದ್ದಲ್ಲಿ ಕಾವಲು ತಪ್ಪದಷ್ಟೆ! ಮೈದಾನದಂಚಿನಲ್ಲಿ ಕುಳಿತು ಚಿತ್ರ ತೆಗೆಯುವವರಿಗೆ ಪತ್ರಿಕಾ ಅನುಮತಿ ಬೇಕು. ಮೆಟ್ಟಿಲಿನಲ್ಲಿ ಕುಳಿತವರು ಅವರೊಡನೆ ಪೈಪೋಟಿಗಿಳಿಯಬಾರದು. ಮಾರಲು ಬಂದವನಾರು, ಮಮತೆಯಿಂದ ಬಂದವನಾರು ಎಂದು ಅಳೆಯುವ ಕಡ್ಡಿ ಯಾರ ಬಳಿಯಲ್ಲಿಯೂ ಇಲ್ಲವಾದ್ದರಿಂದ ಮಸೂರವನ್ನು ಅಳೆಯುತ್ತಾರೆ. ಟೆಲಿವಿಷನ್ ಬೇಡವೆಂದು ಬಿಟ್ಟ ಇಪ್ಪತ್ತು ನಿಮಿಷಗಳಿಗೂ ಅದೇ ಕಡ್ಡಿಯೇ ಏಕೆಂಬ ರಾಯರ ಪ್ರಶ್ನೆಗೆ ಮಾತ್ರ ಅಳಿಯನಲ್ಲಿಯೂ ಉತ್ತರವಿರಲಿಲ್ಲ.

ವಿರಾಮದ ಹೊತ್ತಿಗೆ ಕತ್ತಲಾಗಿ ದೊಡ್ಡ ದೀಪಗಳು ಉರಿಯುತ್ತಿದ್ದವು. ವಾದ್ಯಗಳು ಮೊಳಗಿದೊಡನೆ ರಾಯರು ತಮ್ಮನ್ನು ಮರೆತು ಎದ್ದು ನಿಂತರು. ಹಿಂದಿನಿಂದ ಯಾರೋ ಭುಜವನ್ನು ಮೆಲ್ಲನೆ ತಟ್ಟಿದರು. ನಡುವಯಸ್ಸಿನ ಒಬ್ಬ ಹೆಂಗಸು. ಮಗ ಡೋಲು ಬಾರಿಸುತ್ತಾನೆ, ದಯವಿಟ್ಟು ಕುಳಿತುಕೊಳ್ಳಿ ಎಂದರು. ರಾಯರು ಕುಳಿತರು. ಪುರೋಹಿತರನ್ನೂ ಮುಖ್ಯ ಅತಿಥಿಗಳನ್ನೂ ಮರೆಮಾಡಿದ್ದ ಬೆನ್ನಿನ ಹಿಂದೆಯೂ ಹೀಗೆಯೇ ಎಷ್ಟು ಮಂದಿ ತಾಯಂದಿರಿದ್ದರೋ ಎಂಬ ಯೋಚನೆ ಅವರಿಗೆ ಮೊದಲ ಬಾರಿಗೆ ಬಂತು.

ಮುಂದಿನ ಸಾಲುಗಳಲ್ಲಿ ಅಲ್ಲಲ್ಲಿ ಮಿಂಚುದೀಪಗಳು ಹೊಳೆಯುತ್ತಿದ್ದವು, ಪಾಪ, ನಿರರ್ಥಕ. ಐದು ಮೀಟರಿನಲ್ಲಿ ಬೀಳುವ ಬೆಳಕಿನ ನಾನೂರರಲ್ಲೊಂದು ಪಾಲು ಮಾತ್ರ ನೂರು ಮೀಟರಿಗೆ ಮುಟ್ಟುತ್ತದೆ. ಬೆಳಗುವುದೆಲ್ಲ ಮುಂದೆ ಕುಳಿತವರ ಬೋಳುತಲೆಯನ್ನೇ. ರಾಯರ ಗಿಡ್ಡ ಮಸೂರಕ್ಕೆ ಕಂಡಿ ದೊಡ್ಡದು. ಕಾರಿನಲ್ಲಿ ಬಿದ್ದಿದ್ದ ಉದ್ದ ಮಸೂರಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುವಂಥದು. ಮೊಣಕೈಗಳನ್ನು ಮಂಡಿಗೂರಿ, ಕುಳಿತೇ ಗುರಿಯಿಟ್ಟರು.

ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಅರ್ಜುನನಿಗೆ ಪಕ್ಷಿಯ ತಲೆಯೊಂದೇ ಕಂಡಿತು. ಧರ್ಮರಾಯನಿಗೆ ಮರ, ತಮ್ಮಂದಿರು, ಗುರು ಎಲ್ಲವೂ ಕಂಡವು. ಉದ್ದ ಮಸೂರದ್ದು ಅರ್ಜುನನ ಕಣ್ಣು, ಗಿಡ್ಡ ಮಸೂರದ್ದು ಧರ್ಮರಾಯನ ಕಣ್ಣು. ನೂರು ಮೀಟರ್ ದೂರದಲ್ಲಿ 72 ಮೀಟರ್ ಅಗಲದ ನೋಟವನ್ನು ಅದು ಒಮ್ಮೆಗೇ ಹಿಡಿಯಿತು. ಅದರಲ್ಲಿ ಹಸುರು ಮೈದಾನ, ಬಿಳಿಯ ಗೆರೆಗಳು, ಮುನ್ನೂರು ಟೋಪಿಗಳಿಂದಾದ ಒಂದು ಮಹಾಕ್ಷರ ಇದ್ದವು. ಮೊಮ್ಮಗಳು ಅದರೊಳಗೆಲ್ಲಿಯೋ ಒಂದು ಚುಕ್ಕೆ.

ಅಂದು ರಾತ್ರಿ ಊಟದ ಮೇಜಿನ ಬಳಿ ರಾಯರು ಕ್ಷಮೆ ಬೇಡುವವರಂತೆ ಆ ಚಿತ್ರವನ್ನು ಮೊಮ್ಮಗಳ ಮುಂದಿಟ್ಟರು. ಅವಳು ಬಹಳ ಹೊತ್ತು ನೋಡಿದಳು. “ತಾತ, ನಾಲ್ಕು ವರ್ಷ ಈ ಅಕ್ಷರದೊಳಗೆ ನಿಂತಿದ್ದೇನೆ. ಅಲ್ಲಿಂದ ನಮಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಇದು ನಿಮ್ಮ ಜಾಗದಿಂದ ಹೀಗೆ ಕಾಣುತ್ತದೆಯೇ?” ಎಂದಳು. ಆಮೇಲೆ ಬಾಗಿ ನೋಡಿ, “ಅಯ್ಯೋ!” ಎಂದು ನಾಲಗೆ ಕಚ್ಚಿಕೊಂಡಳು. ಏನೆಂದು ಕೇಳಿದರೆ ಹೇಳಲೊಲ್ಲಳು.

ಮೈಸೂರಿಗೆ ಮರಳಿದ ಮೇಲೆ ಚಿತ್ರವನ್ನು ಒಂದೂವರೆ ಅಡಿ ಅಗಲಕ್ಕೆ ಹಿಗ್ಗಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಯಿತು. ಅದರಲ್ಲಿ ಒಬ್ಬೊಬ್ಬರ ಎತ್ತರವೂ ಹೆಬ್ಬೆರಳಿನ ಉಗುರಿಗಿಂತ ಕಡಮೆ. ಆರಂಗುಲದ ಕಥೆಯನ್ನು ಹೇಗೆ ಆರಂಭಿಸಲೆಂದು ರಾಯರು ತಡವರಿಸುತ್ತಿರುವಾಗಲೇ ಅವರ ಪತ್ನಿ ಕನ್ನಡಕವೇರಿಸಿ, ಅಕ್ಷರದ ಬಾಗಿನಲ್ಲಿ ಬೆರಳಿಟ್ಟರು.

“ಇವಳೇ ನಮ್ಮ ಹುಡುಗಿ.”

“ಹೇಗೆ ಗೊತ್ತಾಯಿತು?”

“ನೋಡೀಂದ್ರೆ, ಸಾಲಿನಿಂದ ಒಂದು ಹೆಜ್ಜೆ ಹೊರಗೆ ನಿಂತಿಲ್ಲವೇ? ಮೂರು ವರ್ಷದವಳಿದ್ದಾಗಲೂ ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಂತವಳಲ್ಲ.”