ಮಿಜೆಟ್‌ನೊಳಗೊಂದು ಒರಳು

ಬಾನೆಟ್ ಬಿಚ್ಚಿಟ್ಟ ಪುಟ್ಟ ಕಾರಿನ ಮುಂದೆ ಅಳತೆ ಟೇಪು ಹಿಡಿದು ಸುಮ್ಮನೆ ನಿಲ್ಲುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹೊರಗೆ ಮಿಷಿಗನ್ನಿನ ಹಿಮ ಮೊಣಕಾಲಿನವರೆಗೆ ಬಿದ್ದಿರುತ್ತದೆ. ಗ್ಯಾರೇಜಿನೊಳಗೆ ಒಂದು ಹೀಟರು, ಒಂದು ದೀಪ, 1973ರ ನನ್ನ ಎಂಜಿ ಮಿಜೆಟ್. ಹನ್ನೊಂದೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ತೂಕ ಸುಮಾರು 700 ಕಿಲೋ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಹುಟ್ಟಿದ ಈ ಗಾಡಿಯಲ್ಲಿ ಕೂತು ಬಾಗಿಲಾಚೆ ಕೈ ಇಳಿಬಿಟ್ಟರೆ ಬೆರಳಿಗೆ ರಸ್ತೆಯೇ ಸಿಕ್ಕಿಬಿಡುತ್ತದೇನೋ ಅನಿಸುತ್ತದೆ.

ಅದರ ಸ್ವಂತ ಎಂಜಿನ್ 1275 ಸಿಸಿಯದು, ಮಿನಿ ಕಾರಿನದೇ ಮನೆತನ. ಬ್ರಿಟನ್ನಿನಲ್ಲಿ ಮಾರಿದ ಮಿಜೆಟ್‌ಗಳಲ್ಲಿ ಅದು 65 ಅಶ್ವಶಕ್ತಿ ಕೊಡುತ್ತಿತ್ತು. ಅಮೆರಿಕಕ್ಕೆ ಬಂದವುಗಳಲ್ಲಿ ಹೊಗೆಯ ನಿಯಮಗಳಿಂದಾಗಿ ಅದಕ್ಕೂ ಕಡಿಮೆ. ನನ್ನದು ದುಡಿದು ದಣಿದಿತ್ತು. ಅದನ್ನು ಇಳಿಸಿ, ಎಣ್ಣೆ ಸವರಿ, ಕಂಬಳಿ ಹೊದಿಸಿ ಮೂಲೆಯಲ್ಲಿಟ್ಟಿದ್ದೇನೆ. ಎಂದಾದರೂ ಯಾರಾದರೂ ಈ ಕಾರನ್ನು ಮೊದಲಿನಂತೆ ಮಾಡಬೇಕೆಂದರೆ ಅದು ಸಿಗಬೇಕು. ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸುವವನು ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಹೊಸದಾಗಿ ಬಂದದ್ದು ಮಾಜ್ಡಾದ 12ಎ ರೋಟರಿ ಎಂಜಿನ್. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅದು ಹಿಮವನ್ನು ಕರಗಿಸುತ್ತದೆ, ಕಾರುಗಳನ್ನೂ ತಿನ್ನುತ್ತದೆ. ಹಾಗೆ ತಳವೆಲ್ಲ ತುಕ್ಕು ಹಿಡಿದ 1984ರ ಮಾಜ್ಡಾ ಆರ್‌ಎಕ್ಸ್-7 ಕಾರೊಂದು ಸಿಕ್ಕಿತು. ಮೈ ಹೋಗಿತ್ತು, ಎಂಜಿನ್ ಜೀವಂತವಾಗಿತ್ತು.

ಅದನ್ನು ಬಿಚ್ಚಿದ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದರು. ರೋಟರಿ ಎಂಜಿನ್ ಬಿಚ್ಚುವುದೆಂದರೆ ಟಿಫಿನ್ ಕ್ಯಾರಿಯರ್ ಬಿಚ್ಚಿದ ಹಾಗೆ. ಉದ್ದನೆಯ ಬೋಲ್ಟುಗಳನ್ನು ಎಳೆದರೆ ಒಂದರ ಮೇಲೊಂದು ಕೂತ ಡಬ್ಬಿಗಳು ಬೇರೆಯಾಗುತ್ತವೆ. ಒಳಗೆ ಪಿಸ್ಟನ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ವಾಲ್ವ್ ಇಲ್ಲ. ನಡು ಸ್ವಲ್ಪ ಸೊರಗಿದ ಮೊಟ್ಟೆಯಾಕಾರದ ಗೂಡು, ಅದರೊಳಗೆ ಬದಿಗಳು ಉಬ್ಬಿದ ಮುಮ್ಮೂಲೆಯ ಎರಕದ ಕಬ್ಬಿಣದ ಗುಂಡು. ಅಂಥವು ಎರಡು. ಅವೆರಡನ್ನೂ ಹೊತ್ತು ತಿರುಗುವ ಒಂದು ಶಾಫ್ಟ್. ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವುದು ಮುಖ್ಯವಾಗಿ ಈ ಮೂರೇ.

ಶಾಫ್ಟನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ತೋರಿಸಿದೆ. ಗುಂಡು ತನ್ನ ಸುತ್ತ ತಾನು ತಿರುಗುತ್ತ, ಗೂಡಿನ ಗೋಡೆಯುದ್ದಕ್ಕೂ ಹೊರಳುತ್ತ ಸಾಗಿತು.

"ನಮ್ಮ ಒರಳೇ ಕಣೋ ಇದು!" ಎಂದರು ಅಮ್ಮ. ಸ್ವಲ್ಪ ಹೊತ್ತು ನೋಡಿ, "ಒಂದು ಕೈ ಗುಂಡು ತಿರುಗಿಸುತ್ತೆ, ಸರಿ. ಹಿಟ್ಟು ತಳ್ಳೋ ಕೈ ಎಲ್ಲಿ?" ಎಂದು ಕೇಳಿದರು.

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಈ ಎಂಜಿನ್ ಬಗ್ಗೆ ಯಾರೂ ನನ್ನನ್ನು ಕೇಳಿಲ್ಲ. ಗುಂಡಿನ ಮೂರು ಮೂಲೆಗಳ ಸೀಳಿನಲ್ಲಿ ಅಡಗಿರುವ ಲೋಹದ ಪಟ್ಟಿಗಳನ್ನು ತೆಗೆದು ಅಂಗೈಯಲ್ಲಿಟ್ಟೆ. ಏಪೆಕ್ಸ್ ಸೀಲ್‌ಗಳು. ಹಿಂದೆ ಪುಟ್ಟ ಸ್ಪ್ರಿಂಗ್ ನೂಕುತ್ತಿದ್ದರೆ ಇವು ಗೋಡೆಯನ್ನು ಒತ್ತಿ ಸವರುತ್ತ, ಒಂದು ಕೋಣೆಯ ಗಾಳಿ ಇನ್ನೊಂದಕ್ಕೆ ಸೋರದಂತೆ ಕಾಯುತ್ತವೆ. "ಇದೇ ಅಮ್ಮ, ಆ ಕೈ" ಎಂದೆ.

ರೋಟರಿಯ ಕಥೆಯೆಲ್ಲ ಈ ಪಟ್ಟಿಯ ಕಥೆಯೇ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರ ಕಲ್ಪನೆ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲು ಓಡಿತು. 1964ರಲ್ಲಿ ಅದು ಮಾರುಕಟ್ಟೆಗೆ ಬಂದದ್ದೂ ಸ್ಪೈಡರ್ ಎಂಬ ಪುಟ್ಟ ತೆರೆದ ಸ್ಪೋರ್ಟ್ಸ್ ಕಾರಿನಲ್ಲೇ. ಜಪಾನಿನಲ್ಲಿ ಕೆನಿಚಿ ಯಾಮಾಮೊಟೊ ಅವರ ಮಾಜ್ಡಾ ತಂಡ ಎಂಜಿನ್ ಬಿಚ್ಚಿ ನೋಡಿದಾಗ ಗೂಡಿನ ಗೋಡೆಯ ತುಂಬ ಅಲೆಅಲೆಯಾದ ಗೀರುಗಳು. ಸೀಲುಗಳು ಜಾರುವ ಬದಲು ಕಂಪಿಸುತ್ತ ಗೋಡೆಯನ್ನು ಕೆರೆದಿದ್ದವು. ಅದಕ್ಕೆ ಅವರಿಟ್ಟ ಹೆಸರು ದೆವ್ವದ ಉಗುರು. ಅದನ್ನು ಗೆದ್ದು 1967ರಲ್ಲಿ ಕಾಸ್ಮೊ ಸ್ಪೋರ್ಟ್ ತಂದರು. ಇಲ್ಲೇ ಡೆಟ್ರಾಯ್ಟ್‌ನಲ್ಲಿ ಜನರಲ್ ಮೋಟರ್ಸ್ ಕೂಡ 70ರ ದಶಕದಲ್ಲಿ ರೋಟರಿಯ ಬೆನ್ನು ಹತ್ತಿ ಕೊನೆಗೆ ಕೈಬಿಟ್ಟಿತು. ಆ ಎಂಜಿನ್ನನ್ನೇ ನೆಚ್ಚಿ ರೂಪಿಸಿದ್ದ ಎಎಂಸಿ ಕಂಪನಿಯ ಪೇಸರ್ ಕಾರು, ಆರು ಸಿಲಿಂಡರಿನ ಮಾಮೂಲಿ ಎಂಜಿನ್ ಹೊತ್ತು ರಸ್ತೆಗಿಳಿಯಬೇಕಾಯಿತು. ಪೇಸರ್‌ನ ಚಿತ್ರ ನೋಡಿದಾಗಲೆಲ್ಲ ನನಗೆ ಮರುಕವಾಗುತ್ತದೆ.

ಮಿಜೆಟ್‌ಗೆ ರೋಟರಿಯೇ ಯಾಕೆ? ದೊಡ್ಡ ವಿ-8 ತುರುಕಿದವರೂ ಇದ್ದಾರೆ. ಆಗ ಮೂಗು ಭಾರವಾಗಿ ತಿರುವುಗಳಲ್ಲಿ ಕಾರಿನ ಸ್ವಭಾವವೇ ಕೆಡುತ್ತದೆ. ಹಗುರವಾಗಿರುವುದೇ ಈ ಕಾರಿನ ಪ್ರಾಣ. ರೋಟರಿ ಎಷ್ಟು ಗಿಡ್ಡವೆಂದರೆ ಮುಂದಿನ ಚಕ್ರಗಳ ಗೆರೆಗಿಂತ ಹಿಂದಕ್ಕೆ, ನಡುವಿನತ್ತ ಸರಿದು ಕೂರುತ್ತದೆ. 12ಎ ಲೆಕ್ಕಕ್ಕೆ 1146 ಸಿಸಿ, ಹಳೆಯದಕ್ಕಿಂತ ಕಡಿಮೆ. ಆದರೆ ನಾಲ್ಕು ಸ್ಟ್ರೋಕಿನ ಪಿಸ್ಟನ್ ಎಂಜಿನ್ನಿನಲ್ಲಿ ಸಿಲಿಂಡರ್ ಉರಿಯುವುದು ಶಾಫ್ಟಿನ ಎರಡು ಸುತ್ತಿಗೊಮ್ಮೆ. ಇಲ್ಲಿ ಪ್ರತಿ ಗುಂಡೂ ಸುತ್ತಿಗೊಮ್ಮೆ ಉರಿಯುತ್ತದೆ. ಹಾಗಾಗಿ ಸುಮಾರು 100 ಅಶ್ವಶಕ್ತಿ. ಪೆಟ್ರೋಲು ಹೆಚ್ಚೇ ಕುಡಿಯುತ್ತದೆ, ನಿಜ.

ಕೂರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಅಳೆಯುವುದೇ. ಗುಂಡುಗಳಿಲ್ಲದ ಖಾಲಿ ಡಬ್ಬಿಗಳನ್ನು ಬಿಗಿದು, ಆ ಹಗುರ ಎಂಜಿನ್ನನ್ನು ಎಷ್ಟು ಸಲ ಇಳಿಸಿ ಎತ್ತಿದೆನೋ! ಮೊದಲು ಆಯಿಲ್ ಸಂಪ್ ಸ್ಟೀರಿಂಗ್ ರ‍್ಯಾಕಿಗೆ ತಾಗಿತು. ಎಂಜಿನ್ ಎತ್ತಿದರೆ ಕಾರ್ಬ್ಯುರೇಟರು ಬಾನೆಟ್ಟಿಗೆ ತಾಗಿತು. ಹಿಂದೆ ಸರಿಸಿದರೆ ಗೇರ್ ಕಡ್ಡಿ ಮೊಣಕೈ ಹತ್ತಿರ ಬಂತು. ರಟ್ಟು ಕತ್ತರಿಸಿ ಮೌಂಟಿನ ಆಕಾರ ಹುಡುಕುತ್ತ, ಒಂದು ಬೆರಳು ಆಚೆ, ಅರ್ಧ ಬೆರಳು ಈಚೆ ಮಾಡುತ್ತ ಒಂದಿಡೀ ಚಳಿಗಾಲ ಕಳೆಯಿತು. ವೆಲ್ಡಿಂಗ್ ಮುಗಿದದ್ದು ಒಂದೇ ಶನಿವಾರದಲ್ಲಿ. ಮೈಯನ್ನು ಎಲ್ಲೂ ಕತ್ತರಿಸಲಿಲ್ಲ. ಐದು ಗೇರಿನ ಡಬ್ಬಿ ಹಿಡಿಸಲು ನಡುವಿನ ಸುರಂಗದ ತಗಡನ್ನು ಮಾತ್ರ ಬಡಿದು ಅಗಲಿಸಬೇಕಾಯಿತು. ಆ ಸುತ್ತಿಗೆಯ ಪೆಟ್ಟು ನನ್ನ ಎದೆಗೇ ಬಿದ್ದಂತಿತ್ತು.

ಬಿಸಿಯ ಕಾಟವೂ ಕಡಿಮೆಯದಲ್ಲ. ರೋಟರಿಯಲ್ಲಿ ಉರಿ ಪೂರ್ತಿ ಆರುವ ಮೊದಲೇ ಹೊಗೆದಾರಿ ತೆರೆದುಕೊಳ್ಳುತ್ತದೆ. ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತಿ, ದಪ್ಪ ರೇಡಿಯೇಟರ್ ಹಾಕಿದೆ.

ಮತ್ತೆ ಜೋಡಿಸಿದ ರಾತ್ರಿ, ವ್ಯಾಸಲಿನ್ ಹಚ್ಚಿ ಸೀಲುಗಳನ್ನು ಒಂದೊಂದಾಗಿ ಅದರದರ ಸೀಳಿನಲ್ಲಿ ನಿಲ್ಲಿಸಿದೆ. ಎಲ್ಲ ಬಿಗಿದ ಮೇಲೆ, ಎರಡು ಗೂಡುಗಳಿಂದಲೂ ಒಂದೊಂದು ಪ್ಲಗ್ ತೆಗೆದು, ಪುಲ್ಲಿಯನ್ನು ಕೈಯಲ್ಲಿ ತಿರುಗಿಸುತ್ತ ಕಿವಿಗೊಟ್ಟೆ. ಫುಸ್... ಫುಸ್... ಫುಸ್. ಗುಂಡಿನ ಮೂರು ಮುಖಕ್ಕೆ ಮೂರು ಉಸಿರು. ಒಂದು ಮೆತ್ತಗಾದರೂ ಆ ಕಡೆಯ ಸೀಲ್ ಹೋಗಿದೆ ಎಂದರ್ಥ. ಆರೂ ಉಸಿರು ಒಂದೇ ತೂಕದವಾಗಿದ್ದವು. ಅಷ್ಟು ಹೊತ್ತಾಗಿದ್ದರೂ ಇನ್ನೊಮ್ಮೆ, ಮತ್ತೊಮ್ಮೆ ತಿರುಗಿಸಿ ಕೇಳಿದೆ.

ಸೀಲುಗಳಿಗೆ ಜಾರುವಿಕೆ ಬೇಕೆಂದು ಪೆಟ್ರೋಲಿಗೆ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಅದರ ವಾಸನೆ ನನಗೆ ಬಾಲ್ಯದಿಂದ ಬಂದದ್ದು. ನಾನು ಬೆಳೆದದ್ದು ಮೈಸೂರಿನ ಯಾದವಗಿರಿಯಲ್ಲಿ, 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಹತ್ತಿರ. ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದೇ ಜಾವಾ, ಯೆಜ್ಡಿ ಟೂ-ಸ್ಟ್ರೋಕ್ ಬೈಕುಗಳ ನೀಲಿ ಹೊಗೆಯಲ್ಲಿ.

ಮೊದಲ ದಿನ ಎಂಜಿನ್ ಹತ್ತಲಿಲ್ಲ. ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದುಹೋಗಿದ್ದವು. ತೆಗೆದು ಒಣಗಿಸಿ, ಖಾಲಿ ತಿರುಗಿಸಿ, ಮತ್ತೆ ಹಾಕಿ ಕೀಲಿ ತಿರುವಿದೆ. ಹತ್ತಿತು. ನಡುಕವೇ ಇಲ್ಲ; ಫೆಂಡರಿನ ಮೇಲೆ ಮರೆತಿದ್ದ ಸ್ಪ್ಯಾನರು ಅಲುಗಲಿಲ್ಲ.

ರೋಟರಿ ಎಷ್ಟು ನಯವಾಗಿ ಏರುತ್ತದೆಂದರೆ, ವೇಗ ಏರಿದ್ದು ಕಿವಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಆರ್‌ಎಕ್ಸ್-7ರಲ್ಲಿ 7000 ಸುತ್ತು ಸಮೀಪಿಸಿದಾಗ ಎಚ್ಚರಿಸುವ ಬಜರ್ ಇಟ್ಟಿದ್ದರು. ಅದನ್ನೂ ಬಿಚ್ಚಿ ತಂದು ಮಿಜೆಟ್‌ನ ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿದ್ದೇನೆ. ಏಪ್ರಿಲ್‌ನಲ್ಲಿ ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ, ಬಯಲಿನ ನೇರ ದಾರಿಯಲ್ಲಿ, ಎರಡನೇ ಗೇರಿನಲ್ಲಿ ಅದು ಮೊದಲ ಸಲ ಕೂಗಿತು. ಮೂರನೆಯದಕ್ಕೆ ಹಾಕಿದೆ. ಹಿಂದಿನ ಆಕ್ಸಲ್ ಸಣ್ಣಗೆ ಗುನುಗತೊಡಗಿತು. ಇಷ್ಟು ಬಲಕ್ಕೆ ಮಾಡಿದ್ದಲ್ಲ ಅದು. ಬರುವ ಚಳಿಗಾಲಕ್ಕೆ ಅದನ್ನು ಬಿಚ್ಚಬೇಕು. ರಟ್ಟು ಈಗಲೇ ತೆಗೆದಿಟ್ಟಿದ್ದೇನೆ.