ಅತ್ತವನ ಪರವಾಗಿ

ಚಿಕ್ಕಮ್ಮನ ಮಗಳು ಒಂದು ಸಂಜೆ ನನ್ನ ಹತ್ತಿರ ತನ್ನ ಕಷ್ಟ ಹೇಳಿಕೊಂಡಳು. ಎಲ್ಲವನ್ನೂ ಕೇಳಿಸಿಕೊಂಡ ನಾನು, ಕಷ್ಟ ಕೊಟ್ಟವನ ಪರವಾಗಿ ಮಾತಾಡಿದೆ. ಹತ್ತು ವರ್ಷದ ಮೇಲಾಯಿತು. ಆ ಸಂಜೆ ನೆನಪಾದಾಗಲೆಲ್ಲ ಒಂದು ಅಮೆರಿಕನ್ ಧಾರಾವಾಹಿಯೂ ಜೊತೆಗೇ ನೆನಪಾಗುತ್ತದೆ. ಧಾರಾವಾಹಿಯ ಮೇಲೆ ಗೂಬೆ ಕೂರಿಸುವುದಿಲ್ಲ. ಅದನ್ನು ನೋಡುತ್ತ ನೋಡುತ್ತ ನಾನಾಗಿಯೇ ರೂಢಿಸಿಕೊಂಡ ಒಂದು ಕುರುಡಿನ ಬಗ್ಗೆ ಹೇಳಬೇಕಾಗಿದೆ.

2012ರಲ್ಲಿ ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೆ. ಅವಳು ಡಿಗ್ರಿ ಓದಲು ಬಂದು ನನ್ನ ಜೊತೆಗಿದ್ದಳು. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತು ‘ದಿ ವ್ಯಾಂಪೈರ್ ಡೈರೀಸ್’ ನೋಡುತ್ತಿದ್ದೆವು. 2009ರಲ್ಲಿ ಶುರುವಾಗಿ 2017ರವರೆಗೆ ಎಂಟು ಸೀಸನ್, 171 ಕಂತು ನಡೆದ ಧಾರಾವಾಹಿ ಅದು. ವರ್ಜೀನಿಯಾದ ಮಿಸ್ಟಿಕ್ ಫಾಲ್ಸ್ ಎಂಬ ಕಲ್ಪನೆಯ ಊರು. ಅಣ್ಣ ಡೇಮನ್, ತಮ್ಮ ಸ್ಟೆಫನ್, ಇಬ್ಬರೂ ರಕ್ತಪಿಶಾಚಿಗಳು. ಇಬ್ಬರಿಗೂ ಎಲೆನಾ ಎಂಬ ಹುಡುಗಿಯ ಮೇಲೆ ಪ್ರೀತಿ. ನಾನು ಮನಸೋತದ್ದು ಡೇಮನ್‌ಗೆ.

ಸೋಲದೆ ಇರುವುದು ಕಷ್ಟವಿತ್ತು. 1864ರಲ್ಲಿ ತಾನು ಪ್ರೀತಿಸಿದ ಕ್ಯಾಥರೀನ್ ಗೋರಿಯೊಳಗೆ ಬಂದಿಯಾಗಿದ್ದಾಳೆಂದು ನಂಬಿ ಅವನು 145 ವರ್ಷ ಕಾಯುತ್ತಾನೆ. ಕೊನೆಗೊಂದು ದಿನ ಗೋರಿ ತೆರೆದರೆ ಅವಳು ಅಲ್ಲಿಲ್ಲ. ಎಂದೂ ಇರಲೇ ಇಲ್ಲ. ಆ ಕ್ಷಣದಲ್ಲಿ ನಟ ಇಯಾನ್ ಸೊಮರ್‌ಹಾಲ್ಡರ್ ಮುಖ ನೋಡಿ ನಾನು ಬಿಕ್ಕಿ ಅತ್ತೆ. ಅಂದಿನಿಂದ ಡೇಮನ್ ಏನೇ ಮಾಡಲಿ, ಅವನ ವಕಾಲತ್ತು ನನ್ನದಾಯಿತು. ಎಲೆನಾ ತನ್ನನ್ನು ಒಲ್ಲೆನೆಂದಳೆಂಬ ಸಿಟ್ಟಿಗೆ ಅವನು ಅವಳ ತಮ್ಮನ ಕತ್ತು ಮುರಿಯುತ್ತಾನೆ. ಮಾಯದ ಉಂಗುರ ಬೆರಳಲ್ಲಿದ್ದುದರಿಂದ ಹುಡುಗ ಬದುಕಿಕೊಳ್ಳುತ್ತಾನೆ. ‘ಉಂಗುರ ನೋಡಿಯೇ ಹಾಗೆ ಮಾಡಿದ್ದು’ ಎಂದು ನಾನು ವಾದಿಸಿದೆ. ಮುಂದೆ, ಉಂಗುರ ನೋಡಿರಲಿಲ್ಲ ಎಂದು ಡೇಮನ್ನೇ ಒಪ್ಪಿಕೊಂಡಾಗ, ಅವನ ಪ್ರಾಮಾಣಿಕತೆಯನ್ನು ಹೊಗಳಿದೆ.

ಎರಡನೆಯ ಸೀಸನ್ನಿನಲ್ಲಿ ಇನ್ನೊಂದು ದೃಶ್ಯವಿದೆ. ನಡುರಾತ್ರಿ ಅವನು ರಸ್ತೆಗೆ ಅಡ್ಡ ಮಲಗಿದ್ದಾನೆ. ಯಾರಿಗೋ ಏನೋ ಆಗಿದೆಯೆಂದು ಒಬ್ಬ ಹುಡುಗಿ ಕಾರು ನಿಲ್ಲಿಸಿ ಇಳಿಯುತ್ತಾಳೆ. ಅವಳೆದುರು ಅವನು, ಮತ್ತೆ ಮನುಷ್ಯನಾಗುವ ಹಂಬಲವನ್ನು ಕಣ್ಣೀರಿನೊಂದಿಗೆ ತೋಡಿಕೊಳ್ಳುತ್ತಾನೆ. ಹೋಗು ಎಂದು ಬಿಟ್ಟಂತೆ ಮಾಡಿ, ಬೆನ್ನಟ್ಟಿ ಅವಳ ರಕ್ತ ಕುಡಿಯುತ್ತಾನೆ. ಆ ಕಣ್ಣೀರಿನ ಬಗ್ಗೆ ನಾನು ವಾರವಿಡೀ ಮಾತಾಡಿದೆ. ಸಹಾಯಕ್ಕೆಂದು ಇಳಿದವಳ ಹೆಸರು ನನಗೆ ಮಾರನೆಯ ದಿನಕ್ಕೇ ಮರೆತಿತ್ತು.

ತಂಗಿ ನೋಡುತ್ತಿದ್ದದ್ದು ಬೇರೆಯವರನ್ನು. ಮೊದಲ ಕಂತುಗಳಲ್ಲಿ ಡೇಮನ್ ಕ್ಯಾರೊಲಿನ್ ಎಂಬ ಹುಡುಗಿಯನ್ನು ವಶೀಕರಣ ಮಾಡಿ ಬಳಸಿಕೊಳ್ಳುತ್ತಾನೆ, ರಕ್ತ ಹೀರುತ್ತಾನೆ, ಬೇಡದ್ದನ್ನು ಮರೆಸುತ್ತಾನೆ. ಕತ್ತಿನ ಗಾಯಕ್ಕೆ ಸ್ಕಾರ್ಫ್ ಸುತ್ತಿಕೊಂಡು ಅವಳು ಓಡಾಡುತ್ತಾಳೆ. “ಅಕ್ಕಾ, ಅವಳಿಗೆ ಇದೆಲ್ಲ ನೆನಪೇ ಇರಲ್ವಾ? ಹಾಗಾದ್ರೆ ಯಾರ ಹತ್ರ ಹೇಳ್ಕೋತಾಳೆ?” ಎಂದು ತಂಗಿ ಕೇಳಿದಳು. “ಅದಿರ್ಲಿ ಬಿಡೇ, ಮುಂದೆ ನೋಡು” ಎಂದೆ.

ಎರಡು ವರ್ಷದ ನಂತರ ಅವಳ ನಿಶ್ಚಿತಾರ್ಥವಾಯಿತು. ಒಂದು ಸಂಜೆ ಬಂದು ತನ್ನ ಮಣಿಕಟ್ಟು ತೋರಿಸಿದಳು. ಫೋನ್ ಕಿತ್ತುಕೊಳ್ಳುವಾಗ ಹುಡುಗ ತಿರುಚಿದ್ದನಂತೆ. ಮಾರನೆಯ ದಿನ ಬಂದು ಕಾಲ ಬಳಿ ಕೂತು ಅತ್ತನಂತೆ. ನನ್ನ ಮನಸ್ಸು ನಿಂತದ್ದು ಆ ಅಳುವಿನ ಮೇಲೆ. “ಕೋಪ ಜಾಸ್ತಿ, ಮನಸ್ಸು ಒಳ್ಳೇದು ಕಣೇ. ಅಷ್ಟು ಅತ್ತಿದಾನೆ ಅಂದ್ರೆ ಬದಲಾಗ್ತಾನೆ. ನಿನ್ನಂಥವಳು ಜೊತೆಗಿದ್ರೆ ಸರಿಹೋಗ್ತಾನೆ.” ಅವಳು ಚೂಡಿದಾರದ ತೋಳು ಕೆಳಗೆಳೆದುಕೊಂಡು ಸುಮ್ಮನಾದಳು. ಮತ್ತೆಂದೂ ಅವನ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ನಾನು ಎಲ್ಲ ಸರಿಹೋಗಿದೆಯೆಂದುಕೊಂಡೆ. ಸಂಬಂಧ ಮುರಿಯಿತೆಂದು ತಿಳಿದದ್ದು ಐದು ತಿಂಗಳ ಮೇಲೆ, ಚಿಕ್ಕಮ್ಮನಿಂದ. ಆ ಐದು ತಿಂಗಳಲ್ಲಿ ಇನ್ನೂ ಎರಡು ಸಲ ಅವನು ಕೈಮಾಡಿದ್ದ. ಎರಡು ಸಲವೂ ಅತ್ತಿದ್ದ.

ನಾಗಚಂದ್ರನ ರಾವಣ ಆಮೇಲೆ ನನ್ನನ್ನು ಬಹಳ ಕಾಡಿದ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಆ ಜೈನ ಕವಿ, ಸೀತೆ ಮೂರ್ಛೆ ಹೋದದ್ದನ್ನು ಕಂಡು ಪಶ್ಚಾತ್ತಾಪದಿಂದ ಬೇಯುವ ರಾವಣನನ್ನು ಚಿತ್ರಿಸಿದ. ಕಾಲೇಜಿನಲ್ಲಿ ಓದಿದಾಗ ಅವನ ಮೇಲೆ ಕನಿಕರ ಉಕ್ಕಿತ್ತು. ಮತ್ತೆ ಓದಿದಾಗ ಕಂಡದ್ದೇ ಬೇರೆ. ಮನಸ್ಸು ಬದಲಾದ ಮೇಲೂ ಅವನು ಸೀತೆಯನ್ನು ಆಗಲೇ ಕಳಿಸಿಕೊಡುವುದಿಲ್ಲ. ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಗೆಲ್ಲಬೇಕು, ಆಮೇಲೆ ಒಪ್ಪಿಸಬೇಕು. ಅವನಿಗೆ ಪಶ್ಚಾತ್ತಾಪ ಬಂತು, ಸೀತೆಗೆ ಬಿಡುಗಡೆ ಬರಲಿಲ್ಲ. ಕವಿ ಎರಡನ್ನೂ ಬರೆದಿದ್ದ. ನಾನು ಒಂದನ್ನೇ ಓದಿದ್ದೆ.

ಡೇಮನ್‌ನಂಥವರನ್ನು ಪ್ರೀತಿಸುವುದು ತಪ್ಪೆಂದು ಈಗಲೂ ನನಗನ್ನಿಸುವುದಿಲ್ಲ. ಕೆಟ್ಟವನ ಎದೆಯಲ್ಲೂ ನೋವಿದೆಯೆಂದು ತೋರಿಸುವುದು ಕಥೆಯ ದೊಡ್ಡ ಗುಣ. ಆದರೆ ಕಥೆ ಅವನ ಏಕಾಂತದೊಳಕ್ಕೆ ನಮ್ಮನ್ನು ಕರೆದೊಯ್ಯುತ್ತದೆ, 145 ವರ್ಷದ ಲೆಕ್ಕ ಕೊಡುತ್ತದೆ. ಗಾಯವಾದವಳಿಗೆ ಸಿಗುವುದು ಒಂದು ಸ್ಕಾರ್ಫ್. ಆ ಅಳತೆಯನ್ನೇ ನಾನು ಮನೆಗೆ ತಂದಿದ್ದೆ. ಒಬ್ಬನ ನೋವು ಅರ್ಥವಾಯಿತೆಂದರೆ ಅವನ ಜೊತೆ ಬಾಳು ಎಂದು ಇನ್ನೊಬ್ಬಳಿಗೆ ಹೇಳುವ ಹಕ್ಕು ಬಂತೆಂದುಕೊಂಡಿದ್ದೆ.

ಕ್ಯಾರೊಲಿನ್‌ಗೆ ಎರಡನೆಯ ಸೀಸನ್ನಿನಲ್ಲಿ ಎಲ್ಲವೂ ನೆನಪಾಗುತ್ತದೆ. ಅವಳು ಡೇಮನ್ ಎದುರು ನಿಂತು ಅದನ್ನು ಹೇಳಿಯೂಬಿಡುತ್ತಾಳೆ. ಆ ಕಂತನ್ನು ನಾನು ಹೋದ ವರ್ಷ ಮತ್ತೆ ನೋಡಿದೆ. ಮಾರನೆಯ ಭಾನುವಾರ ತಂಗಿಯ ಮನೆಗೆ ಹೋದೆ. “ಅವತ್ತು ನಿನ್ನ ಕೈ ನೋಡ್ಲಿಲ್ಲ ನಾನು. ತಪ್ಪಾಯ್ತು ಕಣೇ” ಎಂದೆ. ಅವಳು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, ಆಮೇಲೆ ಆ ಐದು ತಿಂಗಳಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದಳು. ನನ್ನ ಗಂಟಲು ಕಟ್ಟಿತು. ಅಳು ಬಂದರೆ ಮಾತು ಬಿಟ್ಟು ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ತಡೆದುಕೊಂಡು ಕೂತು ಕೇಳಿದೆ.